ಗುಹೆಯ ಎಲುಬಿನ ಸುದ್ದಿಯಲ್ಲಿ ಮಣ್ಣಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಗುಹೆಗಳಲ್ಲಿ ದೊರೆತ ಇತಿಹಾಸಪೂರ್ವ ಕಾಲದ ಸಮಾಧಿಗಳನ್ನು ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ದಿನಪತ್ರಿಕೆಯೊಂದು ಇಷ್ಟು ಜಾಗ ಕೊಡುವುದು ಅಪರೂಪ. ಅದಕ್ಕಾಗಿ ಮೊದಲು ಅಭಿನಂದನೆಗಳು. ಆದರೆ ನಮಗೆ ಹತ್ತಿರದ ಬಂಧುಗಳಾಗಿದ್ದು ಈಗ ಅಳಿದುಹೋಗಿರುವ ನಿಯಾಂಡರ್ತಾಲ್ ಮಾನವರು ಸತ್ತವರ ಮೇಲೆ ಹೂ ಹಾಸುತ್ತಿದ್ದರೆಂಬುದನ್ನು ಲೇಖನವು ಎಲ್ಲರೂ ಒಪ್ಪಿಕೊಂಡ ಸಂಗತಿಯೆಂಬಂತೆ ಹೇಳಿ ಮುಂದೆ ಸಾಗಿದೆ. ಆ ಒಂದು ವಾಕ್ಯದ ನೆಪದಲ್ಲಿ, ಇಂಥ ಸುದ್ದಿಗಳನ್ನು ನಮ್ಮ ಪತ್ರಿಕೆಗಳು ಬರೆಯುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಸಿಕ್ಕ ತಲೆಬುರುಡೆಯ ಚಿತ್ರ ದೊಡ್ಡದಾಗಿ ಅಚ್ಚಾಗುತ್ತದೆ, ಪಕ್ಕದಲ್ಲಿದ್ದ ಕೊಂಬು, ಚಿಪ್ಪು, ಮಣಿಗಳ ವರ್ಣನೆ ಬರುತ್ತದೆ, ಆದರೆ ಆ ಎಲುಬುಗಳು ಯಾವ ಮಣ್ಣಿನಲ್ಲಿ ಯಾವ ಸ್ಥಿತಿಯಲ್ಲಿ ಕೂತಿದ್ದವೆಂಬ ವಿವರ ಬಿಟ್ಟುಹೋಗುತ್ತದೆ. ಅದು ಸಮಾಧಿ ಹೌದೋ ಅಲ್ಲವೋ ಎಂಬ ತೀರ್ಮಾನವಾದರೋ ಬಹುಪಾಲು ನಿಂತಿರುವುದು ಆ ಮಣ್ಣಿನ ಮೇಲೆಯೇ.

ಹೂವಿನ ಕಥೆಯನ್ನೇ ತೆಗೆದುಕೊಳ್ಳೋಣ. ಇರಾಕಿನ ಕುರ್ದಿಸ್ತಾನದಲ್ಲಿರುವ ಶಾನಿದಾರ್ ಗುಹೆಯನ್ನು ಅಮೆರಿಕದ ಪುರಾತತ್ವಜ್ಞ ರಾಲ್ಫ್ ಸೊಲೆಕಿ 1951ರಿಂದ 1960ರವರೆಗೆ ಹಲವು ಹಂತಗಳಲ್ಲಿ ಅಗೆದರು. ಅಲ್ಲಿ ಹತ್ತು ನಿಯಾಂಡರ್ತಾಲರ ಅವಶೇಷಗಳು ಸಿಕ್ಕವು. ನಾಲ್ಕನೆಯ ಅಸ್ಥಿಪಂಜರದ ಸುತ್ತಲಿನ ಮಣ್ಣಿನ ಮಾದರಿಗಳನ್ನು ಪರಾಗತಜ್ಞೆ ಆರ್ಲೆಟ್ ಲೆರುವಾ-ಗೂರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಲವು ಜಾತಿಯ ಹೂಗಳ ಪರಾಗ ಒಂಟಿ ಕಣಗಳಾಗಿರದೆ ಗುಪ್ಪೆಗುಪ್ಪೆಯಾಗಿ ಕಾಣಿಸಿತು. ಗಾಳಿಯಲ್ಲಿ ತೇಲಿಬಂದ ಪರಾಗ ಹಾಗೆ ಅಂಟಿಕೊಂಡಿರುವುದಿಲ್ಲ, ಆದ್ದರಿಂದ ಇಡೀ ಹೂಗಳನ್ನೇ ಯಾರೋ ತಂದು ಹೆಣದ ಬಳಿ ಇಟ್ಟಿರಬೇಕು ಎಂಬ ಊಹೆ ಹುಟ್ಟಿತು. ಯುದ್ಧವಿರೋಧಿ ಯುವಜನರು ಹೂವನ್ನೇ ಲಾಂಛನ ಮಾಡಿಕೊಂಡಿದ್ದ ದಶಕದಲ್ಲಿ ಹೊರಬಿದ್ದ ಈ ವಿಚಾರವನ್ನು ಜಗತ್ತು ಎರಡೂ ಕೈಯಿಂದ ಬರಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಒರಟು ಪ್ರಾಣಿಯಂತೆ ಚಿತ್ರಿತನಾಗಿದ್ದ ನಿಯಾಂಡರ್ತಾಲನಿಗೆ ಒಮ್ಮೆಗೇ ಮನುಷ್ಯನ ಮುಖ ಬಂತು.

ಆದರೆ ಅದೇ ಮಣ್ಣಿನಲ್ಲಿ ಬಿಲಗಳೂ ಇದ್ದವು. ಆ ಪ್ರದೇಶದಲ್ಲಿ ಬಿಲ ತೋಡಿಕೊಂಡು ಬದುಕುವ ಪರ್ಷಿಯನ್ ಜರ್ಡ್ ಎಂಬ ಇಲಿಜಾತಿಯ ಪ್ರಾಣಿಗೆ ಹೂವಿನ ತಲೆಗಳನ್ನು ಕಿತ್ತು ಒಳಗೆ ಕೂಡಿಡುವ ಸ್ವಭಾವವಿದೆಯೆಂದು 1999ರಲ್ಲಿ ಆಕ್ಷೇಪ ಬಂತು. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಒಂದೇ ಗುಪ್ಪೆಯಲ್ಲಿ ಬೇರೆಬೇರೆ ಗಿಡಗಳ ಪರಾಗ ಬೆರೆತಿರುವುದನ್ನೂ, ಆ ಗಿಡಗಳೆಲ್ಲ ವರ್ಷದ ಒಂದೇ ಹೊತ್ತಿನಲ್ಲಿ ಹೂಬಿಡುವವಲ್ಲವೆಂಬುದನ್ನೂ ಎತ್ತಿ ತೋರಿಸಿ, ನೆಲದಲ್ಲಿ ಗೂಡುಕಟ್ಟುವ ಜೇನುಜಾತಿಯ ಹುಳುಗಳ ಕೆಲಸ ಇದಾಗಿರಬಹುದೆಂದು ಸೂಚಿಸಿತು. ಹೀಗಾಗಿ ಹೂವಿನ ಹಾಸಿಗೆಯನ್ನು ಇಂದು ಸ್ಥಾಪಿತ ಸತ್ಯವೆಂದು ಬರೆಯಲು ಬರುವುದಿಲ್ಲ.

ಇಷ್ಟನ್ನೇ ಓದಿದವರು ಹಾಗಾದರೆ ನಿಯಾಂಡರ್ತಾಲರು ಹೆಣ ಹೂಳುತ್ತಲೇ ಇರಲಿಲ್ಲವೇನೋ ಎಂದುಕೊಳ್ಳಬಹುದು. ಹಾಗೆ ತಿಳಿಯುವುದೂ ತಪ್ಪೇ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರೇಮ್ ಬಾರ್ಕರ್ ಅವರ ನೇತೃತ್ವದಲ್ಲಿ ಅದೇ ಗುಹೆಯಲ್ಲಿ ಮತ್ತೆ ಅಗೆತ ನಡೆದಾಗ, 2018ರಲ್ಲಿ, ಹಳೆಯ ಅಗೆತದ ಅಂಚಿನಲ್ಲೇ ಇನ್ನೊಂದು ಶರೀರದ ಮೇಲ್ಭಾಗ ಸಿಕ್ಕಿತು. ಎಲುಬುಗಳು ತಮ್ಮತಮ್ಮ ಸ್ಥಾನದಲ್ಲೇ ಜೋಡಿಕೊಂಡಿದ್ದವು, ಎಡಗೈ ತಲೆಯ ಕೆಳಗೆ ಮಡಚಿಕೊಂಡಿತ್ತು, ಶರೀರವಿದ್ದ ತಗ್ಗನ್ನು ಒಂದಿಷ್ಟಾದರೂ ಬೇಕೆಂದೇ ತೋಡಿರುವ ಲಕ್ಷಣ ಮಣ್ಣಿನ ಪದರದಲ್ಲಿ ಕಂಡಿತು. ಹೂ ಉದುರಿದರೂ ಗುಂಡಿ ಉಳಿದುಕೊಂಡಿತು ಎನ್ನಬಹುದು. ಮನಸ್ಸಿಗೆ ಹಿಡಿಸುವ ಸಾಕ್ಷ್ಯವೂ ಗಟ್ಟಿಯಾದ ಸಾಕ್ಷ್ಯವೂ ಎಷ್ಟೋ ಸಲ ಬೇರೆಬೇರೆಯಾಗಿರುತ್ತವೆ ಎಂಬುದಕ್ಕೆ ಶಾನಿದಾರ್‌ಗಿಂತ ಒಳ್ಳೆಯ ನಿದರ್ಶನ ನನಗೆ ಕಾಣುವುದಿಲ್ಲ.

ಗುಹೆಯ ನೆಲ ಸುಮ್ಮನೆ ಇರುವಂಥದ್ದಲ್ಲ. ಚಾವಣಿಯಿಂದ ಬಂಡೆ ಕಳಚಿ ಬೀಳುತ್ತದೆ, ಮಳೆಗಾಲದ ನೀರು ಹೂಳನ್ನು ತಂದು ಸುರಿಯುತ್ತದೆ, ಕರಡಿಗಳು ಮಲಗಲು ತಗ್ಗು ಮಾಡಿಕೊಳ್ಳುತ್ತವೆ, ಕತ್ತೆಕಿರುಬಗಳು ಹೊರಗಿನಿಂದ ಎಲುಬುಗಳನ್ನು ಎಳೆದು ತರುತ್ತವೆ. ನೆರಳಿಗೆಂದು ಒಳಹೊಕ್ಕ ಮನುಷ್ಯನೂ ಅಲ್ಲೇ ಸತ್ತಿರಬಹುದು, ಮೇಲಿಂದ ಕುಸಿದ ಕಲ್ಲುಮಣ್ಣು ಅವನನ್ನು ಮುಚ್ಚಿರಬಹುದು. ಇವೆಲ್ಲವನ್ನೂ ತಳ್ಳಿಹಾಕಿದ ಮೇಲಷ್ಟೇ ಸಮಾಧಿಯೆಂಬ ಮಾತು ಆಡಲು ಸಾಧ್ಯ. ಅದಕ್ಕಾಗಿ ಉತ್ಖನನ ಮಾಡುವವರು ಮೊದಲು ನೋಡುವುದು ಗುಂಡಿಯ ಅಂಚನ್ನು: ಹಳೆಯ ಪದರವನ್ನು ಯಾರಾದರೂ ಕತ್ತರಿಸಿ ಇಳಿದಿದ್ದಾರೆಯೆ, ಒಳಗೆ ತುಂಬಿದ ಮಣ್ಣು ಸುತ್ತಲಿನ ಮಣ್ಣಿಗಿಂತ ಬಣ್ಣದಲ್ಲೋ ಕಣದಲ್ಲೋ ರಾಸಾಯನಿಕ ಗುಣದಲ್ಲೋ ಬೇರೆಯಾಗಿದೆಯೆ ಎಂಬುದನ್ನು. ಆಮೇಲೆ ಕೀಲುಗಳನ್ನು ನೋಡುತ್ತಾರೆ. ಹೆಣ ಬಯಲಲ್ಲಿ ಬಿದ್ದಿದ್ದರೆ ಕೈಬೆರಳು, ಪಾದಗಳ ಸಣ್ಣ ಎಲುಬುಗಳು ಎಲ್ಲಕ್ಕಿಂತ ಮೊದಲು ಕಳಚಿ ಚದುರಿಹೋಗುತ್ತವೆ. ಅವು ಸ್ವಸ್ಥಾನದಲ್ಲೇ ಉಳಿದಿದ್ದರೆ ಹೆಣ ಬೇಗನೆ ಮಣ್ಣಿನಡಿ ಸೇರಿತ್ತೆಂದು ತಿಳಿಯಬಹುದು. ಮೃಗಗಳ ಹಲ್ಲಿನ ಗುರುತು, ಬಿಸಿಲುಗಾಳಿಗೆ ಬಿರಿದ ಗುರುತು ಎಲುಬಿನ ಮೇಲೆ ಇದೆಯೇ ಇಲ್ಲವೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಫ್ರಾನ್ಸಿನ ಲಾ ಶಪೆಲ್-ಓ-ಸೇಂ ಗುಹೆಯಲ್ಲಿ 1908ರ ಆಗಸ್ಟ್‌ನಲ್ಲಿ ಬುಯ್ಸೋನಿ ಸಹೋದರರೂ ಬಾರ್ಡೋಂ ಅವರೂ ಸೇರಿ ವಯಸ್ಸಾದ ನಿಯಾಂಡರ್ತಾಲನೊಬ್ಬನ ಅಸ್ಥಿಪಂಜರವನ್ನು ಹೊರತೆಗೆದಾಗ ಇದೆಲ್ಲ ದಾಖಲಾಗಲಿಲ್ಲ. ಗುಂಡಿಯೊಂದರಲ್ಲಿ ಹೂಳಿದ್ದರೆಂದು ಅವರು ಹೇಳಿದರು; ಅಗೆದವರು ಮೂವರೂ ಪಾದ್ರಿಗಳಾಗಿದ್ದರಿಂದ ಎಲ್ಲೆಲ್ಲೂ ಶವಸಂಸ್ಕಾರವನ್ನೇ ಕಂಡರು ಎಂಬ ಕೊಂಕುನುಡಿಯೂ ಕೇಳಿಬಂತು. ಒಂದು ಶತಮಾನದ ಬಳಿಕ ವಿಲಿಯಂ ರೆಂಡು ಅವರ ತಂಡ ಅದೇ ಸ್ಥಳವನ್ನು ಮತ್ತೆ ಅಗೆದು 2013ರ ಕೊನೆಯಲ್ಲಿ ವರದಿ ಕೊಟ್ಟಿತು: ತಗ್ಗು ತಾನಾಗಿಯೇ ಆದದ್ದಲ್ಲ, ಒಂದು ಭಾಗವನ್ನಾದರೂ ತೋಡಲಾಗಿದೆ, ಅದೇ ಗುಹೆಯ ಪ್ರಾಣಿಗಳ ಎಲುಬುಗಳು ಸವೆದು ಬಿರಿದಿದ್ದರೆ ಮನುಷ್ಯನ ಎಲುಬುಗಳಲ್ಲಿ ಆ ಗುರುತುಗಳಿಲ್ಲ. ಈ ವಾದವನ್ನೂ ಒಪ್ಪದ ವಿದ್ವಾಂಸರಿದ್ದಾರೆ. ಅದೇ ದೇಶದ ರೋಕ್ ದ ಮಾರ್ಸಾಲ್ ಗುಹೆಯಲ್ಲಿ 1961ರಲ್ಲಿ ದೊರೆತ ಮಗುವಿನ ಅಸ್ಥಿಪಂಜರ ಬಹುಕಾಲ ಸಮಾಧಿಗೆ ಮಾದರಿಯೆಂಬಂತೆ ಉದ್ಧೃತವಾಗುತ್ತಿತ್ತು. ಅದಿದ್ದ ತಗ್ಗು ಸಹಜವಾದದ್ದೇ ಎಂದು 2011ರಲ್ಲಿ ಮರುಪರಿಶೀಲನೆ ಮಾಡಿದವರು ವಾದಿಸಿದರು. ಫ್ರಾನ್ಸಿನದೇ ಲಾ ಫೆರಾಸಿ ಎಂಬಲ್ಲಿ ಸಿಕ್ಕ ನಿಯಾಂಡರ್ತಾಲ್ ಮಗುವಿನ ವಿಷಯದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 1970ರ ದಶಕದ ಆರಂಭದಲ್ಲಿ ಅಗೆದು ಪೆಟ್ಟಿಗೆಗಳಲ್ಲಿ ಇಟ್ಟಿದ್ದ ಎಲುಬುಗಳನ್ನೂ ಅಂದಿನ ಟಿಪ್ಪಣಿ ಪುಸ್ತಕಗಳನ್ನೂ ಮತ್ತೆ ತೆರೆದು ನೋಡಿದಾಗ, ಮಗುವಿನ ಶರೀರ ಓರೆಯಾಗಿದ್ದ ದಿಕ್ಕಿಗೂ ಅಲ್ಲಿನ ಮಣ್ಣಿನ ಪದರ ಇಳಿಜಾರಾಗಿದ್ದ ದಿಕ್ಕಿಗೂ ಹೊಂದಿಕೆಯಿರಲಿಲ್ಲ. ನೀರೋ ಇಳಿಜಾರೋ ತಂದು ಸೇರಿಸಿದ್ದರೆ ಎರಡೂ ಒಂದೇ ಕಡೆಗೆ ವಾಲಬೇಕಿತ್ತು. 2020ರಲ್ಲಿ ಅದನ್ನು ಸಮಾಧಿಯೆಂದು ಘೋಷಿಸಲು ಇದೊಂದು ಮುಖ್ಯ ಆಧಾರವಾಯಿತು. ಯಾರೋ ಐವತ್ತು ವರ್ಷಗಳ ಹಿಂದೆ ಅಳತೆಗಳನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದರಿಂದ ಇದು ಸಾಧ್ಯವಾಯಿತೆಂಬುದನ್ನು ಸುದ್ದಿ ಬರೆದವರಲ್ಲಿ ಹೆಚ್ಚಿನವರು ಹೇಳಲಿಲ್ಲ.

ಆಫ್ರಿಕದಿಂದ ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಾನು ಹೇಳುತ್ತಿರುವುದು ಇನ್ನೂ ಸ್ಪಷ್ಟವಾಗುತ್ತದೆ. ಕೆನ್ಯಾದ ಕರಾವಳಿಗೆ ಹತ್ತಿರದ ಪಂಗಾ ಯಾ ಸೈದಿ ಗುಹೆಯಲ್ಲಿ ಈಗಿನ ನೆಲಮಟ್ಟಕ್ಕಿಂತ ಸುಮಾರು ಮೂರು ಮೀಟರ್ ಕೆಳಗೆ ಚಿಕ್ಕ ದುಂಡು ಗುಂಡಿಯೊಂದು ಕಂಡಿತು. ಅದರಲ್ಲಿದ್ದ ಎಲುಬುಗಳು ಮುಟ್ಟಿದರೆ ಪುಡಿಯಾಗುವಷ್ಟು ಜೀರ್ಣವಾಗಿದ್ದರಿಂದ ಮಣ್ಣಿನ ಸಮೇತ ಇಡೀ ಗಟ್ಟಿಯನ್ನು ಪ್ಲಾಸ್ಟರ್ ಕಟ್ಟಿ ಎತ್ತಿ ನೈರೋಬಿಗೆ, ಅಲ್ಲಿಂದ ಸ್ಪೇನಿನ ಬುರ್ಗೋಸ್‌ನ ಪ್ರಯೋಗಾಲಯಕ್ಕೆ ಒಯ್ಯಲಾಯಿತು. ಅದು ಎರಡೂವರೆಯಿಂದ ಮೂರು ವರ್ಷದ ಮಗು. ಸ್ವಾಹಿಲಿಯಲ್ಲಿ ಮಗು ಎಂಬರ್ಥದ ‘ಮ್ಟೋಟೊ’ ಎಂದೇ ಅದನ್ನು ಕರೆದರು. ಕಾಲ ಇಂದಿಗೆ ಸುಮಾರು 78,000 ವರ್ಷ ಹಿಂದೆ. 2021ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮಗುವನ್ನು ಬಲ ಮಗ್ಗುಲಿಗೆ ಮಲಗಿಸಿ ಮೊಣಕಾಲುಗಳನ್ನು ಎದೆಯ ಕಡೆಗೆ ಮಡಚಲಾಗಿತ್ತು. ಕೊರಳೆಲುಬು ಮತ್ತು ಮೇಲಿನ ಪಕ್ಕೆಲುಬುಗಳು ಒಳಕ್ಕೆ ತಿರುಚಿಕೊಂಡ ಬಗೆಯಿಂದ ಮೈಯ ಮೇಲ್ಭಾಗವನ್ನು ಯಾವುದರಿಂದಲೋ ಬಿಗಿಯಾಗಿ ಸುತ್ತಿದ್ದರೆಂದೂ, ಕತ್ತು ಕುಸಿದು ತಲೆ ವಾಲಿದ ಬಗೆಯಿಂದ ಅದರ ಕೆಳಗೆ ಆಸರೆಗೆ ಇಟ್ಟಿದ್ದ ಏನೋ ಒಂದು ಕೊಳೆತುಹೋಗಿರಬೇಕೆಂದೂ ಊಹಿಸಿದ್ದಾರೆ. ಗುಂಡಿಯ ತುಂಬುಮಣ್ಣು ಸುತ್ತಲಿನ ಪದರಕ್ಕಿಂತ ಬೇರೆಯೆಂಬುದನ್ನು ಸೂಕ್ಷ್ಮ ಪರೀಕ್ಷೆಗಳು ತೋರಿಸಿದವು. ಮಣಿಯಿಲ್ಲ, ಕೊಂಬಿಲ್ಲ, ಬಣ್ಣವಿಲ್ಲ. ಛಾಯಾಚಿತ್ರದಲ್ಲಿ ಕಾಣುವುದು ಮಣ್ಣಿನ ಹೆಂಟೆಯೊಂದೇ. ಆದರೂ ಗುಹೆಸಮಾಧಿಗಳ ಪೈಕಿ ಇಷ್ಟು ಗಟ್ಟಿ ಆಧಾರವಿರುವವು ಕೆಲವೇ.

ಎರಡನೆಯದು ದಕ್ಷಿಣ ಆಫ್ರಿಕದ ರೈಸಿಂಗ್ ಸ್ಟಾರ್ ಗುಹೆ. 2013ರಲ್ಲಿ ಅದರ ಅತಿ ಇಕ್ಕಟ್ಟಾದ ಒಳಕೋಣೆಯಲ್ಲಿ ಎಲುಬುಗಳ ರಾಶಿ ಪತ್ತೆಯಾಯಿತು. ಕನಿಷ್ಠ ಹದಿನೈದು ಜನರಿಗೆ ಸೇರಿದ 1,500ಕ್ಕೂ ಹೆಚ್ಚು ತುಣುಕುಗಳನ್ನು ಲೀ ಬರ್ಜರ್ ನೇತೃತ್ವದ ತಂಡ ಹೊರತೆಗೆದು 2015ರಲ್ಲಿ ಹೋಮೊ ನಲೇಡಿ ಎಂಬ ಹೊಸ ಮಾನವ ಪ್ರಭೇದವನ್ನು ಪ್ರಕಟಿಸಿತು. ಕಾಲ ಸುಮಾರು 2,36,000ದಿಂದ 3,35,000 ವರ್ಷಗಳ ಹಿಂದೆ. ಮಿದುಳು ನಮ್ಮದರ ಮೂರನೆಯ ಒಂದು ಭಾಗದ ಆಸುಪಾಸು. ಇವರು ಸತ್ತವರನ್ನು ಗುಂಡಿ ತೋಡಿ ಹೂಳುತ್ತಿದ್ದರೆಂದು 2023ರಲ್ಲಿ ಅದೇ ತಂಡ ಹೇಳಿದಾಗ ಜಗತ್ತಿನಾದ್ಯಂತ ಅದು ಮುಖಪುಟದ ಸುದ್ದಿಯಾಯಿತು. ಕೆಲವು ವಾರಗಳ ಬಳಿಕ ಬಹಿರಂಗವಾದ, ಪ್ರಬಂಧವನ್ನು ಪರಿಶೀಲಿಸಿದ ಹೊರಗಿನ ತಜ್ಞರ ಅಭಿಪ್ರಾಯಗಳು ಮಾತ್ರ ಗುಂಡಿಯ ಅಂಚು, ತುಂಬುಮಣ್ಣು, ಎಲುಬುಗಳ ಜೋಡಣೆ ಎಂಬ ಮೇಲೆ ಹೇಳಿದ ಪ್ರಶ್ನೆಗಳನ್ನೇ ಎತ್ತಿ, ಆಧಾರ ಸಾಲದೆಂದು ಸ್ಪಷ್ಟವಾಗಿ ಹೇಳಿದವು. ತಂಡವು ಆಮೇಲೆ ಹೆಚ್ಚಿನ ವಿವರಗಳೊಂದಿಗೆ ಪರಿಷ್ಕೃತ ಬರಹವನ್ನೂ ಮುಂದಿಟ್ಟಿದೆ. ಆ ವಾದ ನಾಳೆ ಗೆಲ್ಲಲೂಬಹುದು. ನನ್ನ ದೂರು ಇಷ್ಟೇ: ಮೊದಲ ಘೋಷಣೆಯನ್ನು ಸಾರಿದ ಪತ್ರಿಕೆಗಳಲ್ಲಿ ಬಹಳಷ್ಟು, ಆಮೇಲೆ ಬಂದ ಪರಿಶೀಲಕರ ಮಾತಿಗೆ ಜಾಗ ಕೊಟ್ಟ ಸುಳಿವೇ ಇರಲಿಲ್ಲ.

ಹೆಣದ ಜೊತೆಗಿಟ್ಟ ವಸ್ತುಗಳಿಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಇಸ್ರೇಲಿನ ಕಫ್ಜೆ ಗುಹೆಯಲ್ಲಿ ಒಂದು ಲಕ್ಷ ವರ್ಷಗಳಷ್ಟು ಹಿಂದೆ ಹೂಳಿದ ಹದಿಹರೆಯದ ಮಗುವಿನ ಎದೆಯ ಮೇಲ್ಭಾಗದಲ್ಲಿ, ಕೈಗಳ ಬಳಿ, ಜಿಂಕೆಯ ಕೊಂಬಿದೆ; ಅದು ಎಲ್ಲಿತ್ತೋ ಅಲ್ಲೇ ದಾಖಲಾಗಿರುವುದರಿಂದ ಮಾತಾಡುತ್ತದೆ. ಇಟಲಿಯ ಆರ್ಮಾ ವೈರಾನಾ ಗುಹೆಯಲ್ಲಿ ಸುಮಾರು 10,000 ವರ್ಷಗಳ ಹಿಂದೆ ಮಣ್ಣಿಗಿಟ್ಟ, ಎರಡು ತಿಂಗಳೂ ತುಂಬದ ಹೆಣ್ಣುಕೂಸಿನ ಜೊತೆ ತೂತು ಕೊರೆದ ಅರವತ್ತಕ್ಕೂ ಹೆಚ್ಚು ಚಿಪ್ಪಿನ ಮಣಿಗಳಿದ್ದವು. ಆ ಮಣಿಗಳ ಸವೆತವನ್ನು ಪರೀಕ್ಷಿಸಿದಾಗ ಅಷ್ಟು ಸವೆಯಲು ಕೂಸಿನ ಆಯುಷ್ಯ ಸಾಲದೆಂದು ತಿಳಿಯಿತು. ಬೇರೆಯವರು ಬಹುಕಾಲ ತೊಟ್ಟಿದ್ದನ್ನೇ ಅದಕ್ಕೆ ಕೊಟ್ಟಿದ್ದರು. ಇಸ್ರೇಲಿನದೇ ಹಿಲಾಜೋನ್ ತಖ್ತಿತ್ ಗುಹೆಯಲ್ಲಿ 12,000 ವರ್ಷಗಳ ಹಿಂದಿನ ವಯಸ್ಸಾದ ಹೆಂಗಸೊಬ್ಬಳ ಗುಂಡಿಯಲ್ಲಿ ಐವತ್ತು ಆಮೆಗಳ ಚಿಪ್ಪು, ಹದ್ದಿನ ರೆಕ್ಕೆಯ ತುದಿ, ಚಿರತೆಯ ಸೊಂಟದೆಲುಬು, ಇನ್ನೊಬ್ಬ ಮನುಷ್ಯನ ಪಾದ ಸಿಕ್ಕವು. ಅವಳು ಮಾಟಗಾತಿಯೋ ವೈದ್ಯಳೋ ಎಂದು ಕಥೆ ಕಟ್ಟುವ ಮೊದಲು, ಐವತ್ತು ಆಮೆಗಳನ್ನು ಹಿಡಿಯಲು ಎಷ್ಟು ಜನ ಎಷ್ಟು ದಿನ ಓಡಾಡಿರಬೇಕು ಎಂದು ಯೋಚಿಸುವುದು ಹೆಚ್ಚು ಉಪಯುಕ್ತವೆಂದು ನನಗೆ ಅನ್ನಿಸುತ್ತದೆ.

ವಸ್ತುಗಳನ್ನೇ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ವೇಲ್ಸ್‌ನ ಪ್ಯಾವಿಲ್ಯಾಂಡ್ ಗುಹೆ ಸಾಕ್ಷಿ. 1823ರಲ್ಲಿ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಅಲ್ಲಿ ಕೆಂಪು ಕಾವಿಮಣ್ಣಿನ ಬಣ್ಣ ಹಿಡಿದ ಎಲುಬುಗಳನ್ನೂ, ದಂತದ ಕಡ್ಡಿಗಳನ್ನೂ, ಚಿಪ್ಪುಗಳನ್ನೂ ಕಂಡು, ಒಡವೆಗಳಿವೆಯಾದ್ದರಿಂದ ರೋಮನರ ಕಾಲದ ಹೆಂಗಸೆಂದು ತೀರ್ಮಾನಿಸಿದರು. ‘ಕೆಂಪು ಮಹಿಳೆ’ ಎಂಬ ಹೆಸರು ಇಂದಿಗೂ ಹೋಗಿಲ್ಲ. ವಾಸ್ತವದಲ್ಲಿ ಅದು ತರುಣ ಗಂಡಸಿನ ಶರೀರ, ಕಾಲ ಸುಮಾರು 33,000 ವರ್ಷಗಳ ಹಿಂದೆ.

ಗುಂಡಿಯೇ ಇಲ್ಲದ ಕಡೆ ಏನು ಹೇಳಬೇಕೆಂಬುದು ನಿಜಕ್ಕೂ ಕಠಿಣ ಪ್ರಶ್ನೆ, ಇಲ್ಲಿ ನನ್ನ ಮಾನದಂಡವೂ ಪೂರ್ತಿ ನೆರವಾಗುವುದಿಲ್ಲ. ಫ್ರಾನ್ಸಿನ ಕುಸಾಕ್ ಗುಹೆಯಲ್ಲಿ ಸುಮಾರು 30,000 ವರ್ಷಗಳ ಹಿಂದೆ ಸತ್ತವರನ್ನು ಕರಡಿಗಳು ಮಲಗುತ್ತಿದ್ದ ತಗ್ಗುಗಳಲ್ಲೇ ಇಡಲಾಗಿದೆ. ಗೋಡೆಗಳ ಮೇಲೆ ಕೆತ್ತನೆಗಳೂ ಇವೆ. ಇಟಲಿಯ ಸ್ಕಾಲೋರಿಯಾದಲ್ಲಿ ನವಶಿಲಾಯುಗದ ಜನ, ಬೇರೆಲ್ಲೋ ಸತ್ತವರ ಎಲುಬುಗಳನ್ನು ಮಾಂಸ ಕೆರೆದು ಶುಚಿಮಾಡಿ, ಬಿಡಿಬಿಡಿಯಾಗಿ ತಂದು ಒಡೆದ ಮಡಕೆಗಳ ನಡುವೆ ಹಾಕಿದ್ದಾರೆ. ಇಂಗ್ಲೆಂಡಿನ ಗಾಫ್ ಗುಹೆಯಲ್ಲಿ 14,700 ವರ್ಷಗಳ ಹಿಂದಿನ ಮನುಷ್ಯರ ಎಲುಬುಗಳ ಮೇಲೆ ಕತ್ತರಿಸಿದ, ಅಗಿದ ಗುರುತುಗಳಿವೆ, ತಲೆಬುರುಡೆಗಳನ್ನು ಬಟ್ಟಲಿನ ಆಕಾರಕ್ಕೆ ತಂದಿದ್ದಾರೆ, ಒಂದು ಮುಂಗೈ ಎಲುಬಿನ ಮೇಲೆ ಅಂಕುಡೊಂಕು ಗೆರೆಗಳನ್ನು ಕೊರೆದಿದ್ದಾರೆ. ಕೊನೆಯದನ್ನು ‘ನರಭಕ್ಷಕರ ಗುಹೆ’ ಎಂಬ ತಲೆಬರಹದಡಿ ಮುಗಿಸಿಬಿಡುವುದು ಸುಲಭ. ಹಸಿವಿಗಾಗಿ ತಿಂದವರು ಎಲುಬಿನ ಮೇಲೆ ಚಿತ್ತಾರ ಕೊರೆಯಲು ಕೂರುವುದಿಲ್ಲ ಎಂಬಷ್ಟನ್ನಾದರೂ ಓದುಗರಿಗೆ ತಿಳಿಸಬೇಕು. ಸತ್ತವರೊಂದಿಗಿನ ಅವರ ನಡವಳಿಕೆಗೆ ನಮ್ಮಲ್ಲಿ ಹೋಲಿಕೆಯಿಲ್ಲ ಎಂದಮಾತ್ರಕ್ಕೆ ಅದು ಕ್ರೌರ್ಯವೆಂದಾಗದು.

ಲೇಖನದಲ್ಲಿದ್ದ ‘ಆದಿಮಾನವರು ಹೆಣಗಳನ್ನು ಗುಹೆಗಳಲ್ಲಿ ಹೂಳುತ್ತಿದ್ದರು’ ಎಂಬ ಮಾತಿಗೂ ಒಂದು ಎಚ್ಚರಿಕೆ ಬೇಕು. ಸುಣ್ಣಕಲ್ಲಿನ ಗುಹೆಯೊಳಗೆ ಎಲುಬು ಉಳಿಯುತ್ತದೆ, ಹೊರಗಿನ ಹುಳಿ ಮಣ್ಣಿನಲ್ಲಿ ಕರಗಿಹೋಗುತ್ತದೆ. ಅಗೆಯುವವರೂ ಗುಹೆಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ನಮಗೆ ಉಳಿದಿರುವುದರ ಲೆಕ್ಕ ಅವರು ಮಾಡುತ್ತಿದ್ದುದರ ಲೆಕ್ಕವಾಗುವುದಿಲ್ಲ. ರಷ್ಯಾದ ಸುಂಗಿರ್‌ನಲ್ಲಿ ಸುಮಾರು 34,000 ವರ್ಷಗಳ ಹಿಂದೆ ಸತ್ತವರನ್ನು ಸಾವಿರಾರು ದಂತದ ಮಣಿಗಳೊಂದಿಗೆ ಹೂಳಿದ್ದು ಬಯಲು ನೆಲದಲ್ಲಿ.

ಮಣ್ಣಿನ ವಿವರ ಓದುಗರಿಗೆ ಬೇಸರ ತರುತ್ತದೆಂಬ ಭಯ ಸಂಪಾದಕರಿಗೆ ಇರಬಹುದು. ಅದು ಅನಗತ್ಯವೆಂದು ತೋರಿಸಲು ಬೋರ್ನಿಯೊದ ಲಿಯಾಂಗ್ ತೆಬೊ ಗುಹೆಯ ಉದಾಹರಣೆಯೊಂದನ್ನು ಕೊಡುತ್ತೇನೆ. ಅಲ್ಲಿ 31,000 ವರ್ಷಗಳ ಹಿಂದೆ ಹೂಳಿದ ತರುಣ ವ್ಯಕ್ತಿಯ ಎಡಗಾಲಿನ ಕೆಳಭಾಗವಿಲ್ಲ. ಉಳಿದೆಲ್ಲ ಎಲುಬುಗಳು ಕದಡದ ಗುಂಡಿಯಲ್ಲಿ ಕ್ರಮವಾಗಿದ್ದುದರಿಂದಲೇ ಆ ಪಾದ ಹೂಳಿದ ಮೇಲೆ ಕಳೆದುಹೋದದ್ದಲ್ಲವೆಂದು ಖಚಿತವಾಯಿತು. ಕಾಲಿನೆಲುಬಿನ ತುದಿ ಮಾಗಿದ್ದ ರೀತಿಯಿಂದ, ಬಾಲ್ಯದಲ್ಲೇ ಕಾಲನ್ನು ಕತ್ತರಿಸಿ ತೆಗೆಯಲಾಗಿತ್ತೆಂದೂ ಆ ಜೀವ ಮುಂದೆ ಆರರಿಂದ ಒಂಬತ್ತು ವರ್ಷ ಬದುಕಿತ್ತೆಂದೂ 2022ರಲ್ಲಿ ಪ್ರಕಟವಾಯಿತು. ಜಗತ್ತಿನ ಅತಿ ಹಳೆಯ ಶಸ್ತ್ರಚಿಕಿತ್ಸೆಯೆಂದು ಎಲ್ಲರೂ ಬರೆದ ಸುದ್ದಿ ಇದೇ. ಗುಂಡಿ ಕದಡದೆ ಇದ್ದದ್ದು ಆ ಸುದ್ದಿಯ ಜೀವಾಳ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಹೀಗಿದೆ. ಮುಂದೆ ಇಂಥ ಸುದ್ದಿ ಬಂದಾಗ ತಲೆಬುರುಡೆಯ ಚಿತ್ರದ ಜೊತೆಗೆ ಅಗೆತದ ಅಡ್ಡಕೊಯ್ತದ ರೇಖಾಚಿತ್ರವನ್ನೂ ಪ್ರಕಟಿಸಬೇಕು. ಇಂಥ ಚಿತ್ರ ಸಾಮಾನ್ಯವಾಗಿ ಮೂಲ ಪ್ರಬಂಧದಲ್ಲೇ ಇರುತ್ತದೆ. ಕಾಲನಿರ್ಣಯ ನಡೆದದ್ದು ಎಲುಬಿನ ಮೇಲೋ, ಅದಿದ್ದ ಪದರದ ಮೇಲೋ ಎಂಬುದನ್ನು ಒಂದು ಸಾಲಿನಲ್ಲಿ ಹೇಳಬೇಕು. ಅಗೆದ ತಂಡದ ಹೊರಗಿನ ಒಬ್ಬ ತಜ್ಞರನ್ನಾದರೂ ಕೇಳಿ ಬರೆಯಬೇಕು. ಎರಡು ಮೂರು ವರ್ಷಗಳ ನಂತರ ಅದೇ ಗುಹೆಯ ಬಗ್ಗೆ ಭಿನ್ನಾಭಿಪ್ರಾಯ ಪ್ರಕಟವಾದರೆ, ಮೊದಲ ವರದಿ ಬಂದ ಪುಟದಲ್ಲೇ ಅದಕ್ಕೂ ಸ್ಥಳ ಸಿಗುವಂತೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ